ಟೇಲರ್ ಅಳೆದು ತಂದ ಗ್ರಾಫಿಕ್ಸ್ ಕಾರ್ಡು

"ಅಳತೆ ಅಂದ್ರೆ ನಾನು, ನಾನು ಅಂದ್ರೆ ಅಳತೆ! ಈ ಸಲ ನಿನ್ನ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್ ಆರಿಸಿ ತರೋದು ನಾನೇ. ನೀನು ಸುಮ್ನೆ ಕೂತು ಆಡು, ಗೆಲ್ಲು!"

ಭಾನುವಾರ ಬೆಳಿಗ್ಗೆ ನಮ್ಮ ಟೇಲರ್ ಮಹಾಶಯರು ಕತ್ತಿನಲ್ಲಿ ಟೇಪು ನೇತುಹಾಕಿಕೊಂಡು ಹೀಗೆ ಘೋಷಿಸಿದಾಗ ಅವರ ಹೆಂಡತಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ಆಕೆ ಸ್ಕೂಲ್ ಬಸ್ಸಿನ ಡ್ರೈವರು. ಹಗಲೆಲ್ಲ ಕಿರುಚಾಡುವ ಮಕ್ಕಳನ್ನು ತುಂಬಿಕೊಂಡು, ಇಕ್ಕಟ್ಟಿನ ತಿರುವುಗಳಲ್ಲಿ ಗೋಡೆಗೆ ಒಂದು ಗೀರೂ ಬೀಳದಂತೆ ಬಸ್ಸು ತಿರುಗಿಸುವ ಆ ಕೈ ಸಂಜೆ ಮೌಸು ಹಿಡಿದರೆ ಶತ್ರುಪಾಳಯವೇ ಗಡಗಡ ನಡುಗುತ್ತಿತ್ತು! ಕೋಟೆ ಕಾಯುವ ಆನ್‌ಲೈನ್ ಆಟವೊಂದರಲ್ಲಿ ಆಕೆ ನಾಲ್ವರು ಹೆಂಗಸರ ತಂಡಕ್ಕೆ ಕ್ಯಾಪ್ಟನ್. ಹೆಂಡತಿಯ ಆಟ ನೋಡುವುದೆಂದರೆ ಟೇಲರಿಗೆ ಪಂಚಪ್ರಾಣ. ಗಿರಾಕಿಯ ತೋಳು ಅಳೆಯುತ್ತಲೇ, "ನಮ್ಮನೆಯವಳು ನಿನ್ನೆ ಒಬ್ಬಳೇ ಮೂವರನ್ನ ಹೊಡೆದುರುಳಿಸಿದಳು ಸಾರ್!" ಎನ್ನುತ್ತಿದ್ದರು. ಗಿರಾಕಿ ಗಾಬರಿಬಿದ್ದು ತೋಳು ಹಿಂದಕ್ಕೆಳೆದುಕೊಳ್ಳುತ್ತಿದ್ದ.

ಆದರೆ ಪರದೆಗೆ ಚಿತ್ರ ಮೂಡಿಸುವ ಹಳೇ ಕಾರ್ಡಿಗೆ ವಯಸ್ಸಾಗಿತ್ತು. ಈಗಿನ ಆಟಗಳ ಭಾರ ತಾಳಲಾರದೆ ಪರದೆಯ ಮೇಲೆ ಚಿತ್ರ ತಡವರಿಸುತ್ತಿತ್ತು. ಕಳೆದ ವರ್ಷದ ಫೈನಲ್‌ನಲ್ಲಿ ಶತ್ರು ಬಾಗಿಲಿಗೆ ಬಂದ ಗಳಿಗೆಯಲ್ಲೇ ಪರದೆ ಗರಬಡಿದಂತೆ ನಿಂತುಬಿಟ್ಟು, ಮತ್ತೆ ಕದಲುವಷ್ಟರಲ್ಲಿ ಕೋಟೆ ಕೈಬಿಟ್ಟುಹೋಗಿತ್ತು. ಅಂದು ಆಕೆ ಊಟ ಮಾಡಿರಲಿಲ್ಲ. ಇವರ ಗಂಟಲಲ್ಲೂ ತುತ್ತು ಇಳಿದಿರಲಿಲ್ಲ. ಈ ವರ್ಷದ ಫೈನಲ್ ಇವತ್ತೇ ಸಂಜೆ!

"ನೋಡಿ, ದೊಡ್ಡಸ್ತಿಕೆ ಬೇಡ," ಎಂದಳು ಹೆಂಡತಿ. "ನಮ್ಮ ಮಾನಿಟರಿಗೆ ಮಧ್ಯಮ ದರ್ಜೆ ಕಾರ್ಡೇ ಧಾರಾಳ. ಮೆಮೊರಿ ಸಾಕಷ್ಟಿರಲಿ, ನಮ್ಮ ಪವರ್ ಸಪ್ಲೈಗೆ ಹೊರೆಯಾಗದಿರಲಿ. ಮುಖ್ಯವಾಗಿ, ಉದ್ದ ನೋಡಿ ತನ್ನಿ."

"ಟೇಲರಿಗೇ ಉದ್ದದ ಪಾಠವಾ!"

ಟೇಪು ಸರ್ರನೆ ಕತ್ತಿನಿಂದ ಇಳಿಯಿತು. ಕಂಪ್ಯೂಟರಿನ ಕ್ಯಾಬಿನೆಟ್ಟಿನ ಭುಜ, ಸೊಂಟ, ಬೆನ್ನು ಎಲ್ಲವನ್ನೂ ಮದುಮಗನ ಕೋಟಿಗೆ ಅಳೆಯುವ ಶ್ರದ್ಧೆಯಿಂದ ಅಳೆದು ಟೇಲರ್ ಅಂಗಡಿಗೆ ಹೊರಟರು.

ಕಂಪ್ಯೂಟರ್ ಅಂಗಡಿಯವನು ಎರಡು ಪೆಟ್ಟಿಗೆ ತೆರೆದಿಟ್ಟ. "ಗಿಡ್ಡದಕ್ಕೂ ಉದ್ದದಕ್ಕೂ ಒಳಗಿರೋ ಚಿಪ್ ಒಂದೇ ಸಾರ್. ಆಟದಲ್ಲಿ ಹೇಳ್ಕೊಳ್ಳೋವಂಥ ವ್ಯತ್ಯಾಸ ಇಲ್ಲ. ಉದ್ದದ್ದು ಸ್ವಲ್ಪ ತಣ್ಣಗಿರುತ್ತೆ, ಅಷ್ಟೇ."

ಟೇಲರ್ ಗಿಡ್ಡದನ್ನು ನೋಡಿದರು. ಪಾಪ, ಕಟ್‌ಪೀಸಿನಂತಿತ್ತು. ಉದ್ದದ್ದನ್ನು ನೋಡಿದರು. ಆಹಾ! ಏನು ಮೈಕಟ್ಟು, ಏನು ಹೊಳಪು! ಕ್ಯಾಪ್ಟನ್ನಿಗೆ ಒಪ್ಪುವಂಥದ್ದು!

"ಇದು ನಿಮ್ಮ ಕ್ಯಾಬಿನೆಟ್ಟಲ್ಲಿ ಹಿಡಿಸುತ್ತಾ ಸಾರ್?"

"ಅಳೆದೇ ಬಂದಿದೀನಿ! ಹಿಡಿಸಿ ಇನ್ನೂ ನಾಲ್ಕು ಬೆರಳು ಲೂಸ್ ಉಳಿಯುತ್ತೆ!"

ಮನೆಗೆ ತಂದು, ಹಳೇದನ್ನು ತೆಗೆದು, ಹೊಸದನ್ನು ಇಳಿಸಿದರು. ಇಳಿಯಲಿಲ್ಲ. ಓರೆ ಮಾಡಿದರು. ಇಳಿಯಲಿಲ್ಲ. ಮುದ್ದಿಸಿದರು, ಗದರಿಸಿದರು. ಕಾರ್ಡಿನ ಮೂತಿ ಕ್ಯಾಬಿನೆಟ್ಟಿನ ಮುಂದಿನ ಫ್ಯಾನಿಗೆ ಗುದ್ದಿಕೊಂಡು ಹಟ ಹಿಡಿಯಿತು.

"ರೀ, ಎಲ್ಲಿಂದ ಅಳೆದ್ರಿ?"

"ಹೊರಗಿನಿಂದ."

"ಹೊರಗಿನಿಂದಾನಾ?!"

"ಮತ್ತೆ? ಇಷ್ಟು ವರ್ಷದಲ್ಲಿ ಯಾವ ಗಿರಾಕಿಯ ಹೊಟ್ಟೆಯೊಳಗೆ ಟೇಪ್ ಇಳಿಸಿದೀನಿ ಹೇಳು!"

ಅಂಗಡಿಗೆ ಫೋನ್ ಮಾಡಿದರೆ ಭಾನುವಾರ ಅರ್ಧ ದಿನವಂತೆ, ಬಾಗಿಲು ಹಾಕಿಯಾಗಿತ್ತು. ಹೆಂಡತಿ ಬೈಯಲಿಲ್ಲ. "ಹೋಗ್ಲಿ ಬಿಡಿ, ಹಳೇದನ್ನೇ ಹಾಕೋಣ," ಎಂದು ಸಣ್ಣ ದನಿಯಲ್ಲಿ ಹೇಳಿದಳು. ಬೈದಿದ್ದರೆ ಟೇಲರ್ ತಡೆದುಕೊಳ್ಳುತ್ತಿದ್ದರು. ಈ ಸಣ್ಣ ದನಿ ಕೇಳಿದ್ದೇ ಅವರು ಕತ್ತರಿ ಕೈಗೆತ್ತಿಕೊಂಡರು.

"ಹಾಗೆಲ್ಲ ಸೋಲೊಪ್ಪಬೇಡ ಕಣೇ! ಆಲ್ಟರೇಶನ್ ಅನ್ನೋದು ಯಾಕಿದೆ? ಈ ತುದಿಯಲ್ಲಿ ಬರೀ ಪ್ಲಾಸ್ಟಿಕ್ ಇದ್ದಂಗಿದೆ. ಒಂದು ಅಂಗುಲ ಕತ್ತರಿಸಿಬಿಟ್ರೆ..."

"ರೀ! ಕತ್ತರಿ ಕೆಳಗಿಡಿ! ಅಂಗಿ ಬಿಗಿಯಾದ್ರೆ ಗಿರಾಕಿಯ ಮೈ ಕತ್ತರಿಸ್ತೀರಾ?"

ಬೈಗುಳದ ಜೊತೆಗೆ ಆಕೆಗೆ ಹುರುಪೂ ಬಂತು. ಇಕ್ಕಟ್ಟಿನ ಗಲ್ಲಿಯ ಮುಂದೆ ಬಸ್ಸು ನಿಲ್ಲಿಸಿ ಅಂದಾಜು ಮಾಡುವಂತೆ ಒಂದು ಕಣ್ಣು ಮುಚ್ಚಿ ಕ್ಯಾಬಿನೆಟ್ಟಿನೊಳಗೆ ನೋಡಿದಳು. ಸ್ಕ್ರೂಡ್ರೈವರ್ ತೆಗೆದು ಮುಂದಿನ ಫ್ಯಾನನ್ನೇ ಬಿಚ್ಚಿ ಹೊರಗಿಟ್ಟಳು. ಕಾರ್ಡನ್ನು ಒಂದಿಷ್ಟು ಎತ್ತಿ, ತಿರುಗಿಸಿ, ಒತ್ತಿದಳು. ಟಕ್! ಕೂತೇಬಿಟ್ಟಿತು! ಟೇಲರ್ ಬಾಯಿ ಬಿಟ್ಟುಕೊಂಡು ನೋಡಿದರು. ಇಂಥವಳು ನನ್ನ ಹೆಂಡತಿಯಲ್ಲವೇ ಎಂದು ಅವರಿಗೆ ಕಣ್ಣು ತುಂಬಿ ಬಂತು.

"ಗಾಳಿ ಇಲ್ಲದೆ ಕಾರ್ಡ್ ಬಿಸಿಯಾಗುತ್ತೆ ರೀ. ಬಿಸಿಯಾದ್ರೆ ಚಿತ್ರ ಮತ್ತೆ ತಡವರಿಸುತ್ತೆ," ಎಂದಳು ಹೆಂಡತಿ. ಮನೆಯ ಟೇಬಲ್ ಫ್ಯಾನು ರಿಪೇರಿಗೆ ಹೋಗಿತ್ತು. ಟೇಲರ್ ಕಾರ್ಡಿನ ಪೆಟ್ಟಿಗೆಯ ಮುಚ್ಚಳ ಹರಿದು ಕೈಯಲ್ಲಿ ಹಿಡಿದು, ಮೇಜಿನ ಕೆಳಗೆ ತೆವಳಿ, ತೆರೆದ ಕ್ಯಾಬಿನೆಟ್ಟಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು.

ಆಟ ಶುರುವಾಯಿತು. ಟೇಲರ್ ಬಲಗೈಯಲ್ಲಿ ಬೀಸಿದರು. ಅದು ಸೋತಾಗ ಎಡಗೈಯಲ್ಲಿ ಬೀಸಿದರು. ಬೆವರಿಳಿಯಿತು, ಸೊಂಟ ಹಿಡಿಯಿತು. ವರ್ಷವಿಡೀ ಕಾದಿದ್ದ ಆಟ ತಲೆಯ ಮೇಲೇ ನಡೆಯುತ್ತಿದ್ದರೂ ಕಣ್ಣಿಗೆ ಬಿದ್ದದ್ದು ಹೆಂಡತಿಯ ಚಪ್ಪಲಿ ಮಾತ್ರ! ಆ ಕಾಲು ಅಲುಗದೆ ಗಟ್ಟಿಯಾಗಿ ಊರಿದ್ದನ್ನು ನೋಡಿಯೇ ಕೋಟೆ ಉಳಿದಿದೆಯೆಂದು ಅವರು ತಿಳಿದುಕೊಂಡರು. ಕೊನೆಗೆ ಸ್ಪೀಕರಿನಲ್ಲಿ ತಂಡದ ಉಳಿದ ಮೂವರೂ ಹೆಂಗಸರು ಒಟ್ಟಿಗೆ ಕಿರುಚಿದರು. ಗೆದ್ದರು!

"ಅಕ್ಕಾ, ಇವತ್ತು ನಿಮ್ಮ ಪರದೆ ಒಂದ್ಸಲಾನೂ ನಿಲ್ಲಲಿಲ್ಲ!" ಎಂದಳು ಆ ಮೂವರಲ್ಲಿ ನರ್ಸ್ ಕೆಲಸದಲ್ಲಿದ್ದವಳು. "ಆದ್ರೆ ಉದ್ದಕ್ಕೂ ಪಟಪಟ ಅಂತಿತ್ತಲ್ಲ, ಏನದು?"

"ಫ್ಯಾನು ಕಣೇ."

ಮೇಜಿನ ಕೆಳಗೆ ಟೇಲರ್ ಬೀಸುವುದನ್ನು ನಿಲ್ಲಿಸಿ ಕಿವಿ ನಿಮಿರಿಸಿದರು.

"ಹೊಸದಾ ಅಕ್ಕಾ?"

"ಅಯ್ಯೋ, ಇಲ್ಲ! ಮದುವೆ ಆದಾಗಿನಿಂದ ಮನೇಲೇ ಬಿದ್ದಿತ್ತು. ಕೆಲಸ ಮಾಡುತ್ತೆ ಅಂತ ಇವತ್ತೇ ಗೊತ್ತಾಗಿದ್ದು!"