ನಾಲ್ಕು ಪ್ರೋಸೆಸ್ಸಿನ ದೀಪಾವಳಿ

ಗಿರಾಕಿಗೆ ವೆಬ್‌ಸೈಟು ‘ಧನ್ಯವಾದ’ ಹೇಳುವ ಮೊದಲು ಆರ್ಡರಿನ ಚೀಟಿ ಕೌಂಟರಿನ ಪ್ರಿಂಟರಿನಲ್ಲಿ ಅಚ್ಚಾಗಲೇಬೇಕು ಎಂದು ವಿಷ್ಣುಮೂರ್ತಿ ಭಟ್ಟರು ಹಟ ಹಿಡಿದದ್ದೇ ಎಲ್ಲಕ್ಕೂ ಮೂಲ.

ಎರಡು ಸಾವಿರದ ಆರರ ದೀಪಾವಳಿಗೆ ಇನ್ನೊಂದು ವಾರವಿತ್ತು. ಮೈಲಾಪೂರಿನ ಅವರ ಹೋಟೆಲಿಗೆ ಹೊಸದಾಗಿ ವೆಬ್‌ಸೈಟು ಬಂದಿತ್ತು. ಅದರ ಕಂಪ್ಯೂಟರು ಮಹಡಿಯ ಕೋಣೆಯಲ್ಲಿ, ಅದನ್ನು ಕಾಯುವವನು ಸೋದರಳಿಯ ಸೂರಜ. ಹತ್ತನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು, ಅಡಿಗೆಮನೆಯ ಬೆಂಕಿಯಿಂದ ತಪ್ಪಿಸಿಕೊಳ್ಳಲೆಂದೇ ಈ ವಿದ್ಯೆಯನ್ನು ಒಬ್ಬನೇ ಕಲಿತಿದ್ದ. ಭಟ್ಟರ ಕರಾರು ಸರಳ: ಬೆಳಿಗ್ಗೆ ಒಂಬತ್ತಕ್ಕೆ ಸಿಹಿತಿಂಡಿಯ ಆರ್ಡರು ಶುರು. ಸೈಟು ಕೆಟ್ಟರೆ ಸೂರಜ ಕೆಳಗಿಳಿದು ಮೈಸೂರುಪಾಕದ ಬಾಣಲೆ ಮುಂದೆ ನಿಲ್ಲಬೇಕು.

ಒಂಬತ್ತಕ್ಕೆ ಸೂರಜ ಕುರ್ಚಿಯಲ್ಲಿ ಒರಗಿದ. ಕಿಟಕಿಯಿಂದ ತುಪ್ಪದ ಕಂಪು ಮೋಡದಂತೆ ತೇಲಿ ಬರುತ್ತಿತ್ತು. ಅವನ ಅರೆಗಣ್ಣಿಗೆ ಪರದೆಯೊಳಗಿನ ಲೋಕ ಕಾಣುತ್ತಿತ್ತು. ಬಾಗಿಲಲ್ಲಿ ವೆಬ್ ಸರ್ವರು ನಿಂತು ಆರ್ಡರು ಹಿಡಿದು ಒಳಗೆ ಕೂಗುತ್ತದೆ. ಒಳಗೆ ಬೇರೆ ಬೇರೆಯಾಗಿ ಕೂತ ನಾಲ್ಕು ಪಿಎಚ್‌ಪಿ ಪ್ರೋಸೆಸ್ಸುಗಳು, ಬಿಳಿ ಪಂಚೆಯುಟ್ಟ ನಾಲ್ವರು ಸೌಮ್ಯ ಮುದುಕರು, ಬಿಡುವಿದ್ದವರು ಎದ್ದು ಒಂದೊಂದು ಆರ್ಡರಿನ ಕೆಲಸ ಮುಗಿಸಿ ಮತ್ತೆ ಕೂರುತ್ತಾರೆ.

ಒಂಬತ್ತೂ ಹತ್ತಕ್ಕೆ ನಾಲ್ವರೂ ಎದ್ದವರು ಕೂರಲೇ ಇಲ್ಲ. ಸೈಟಿನ ಪುಟ ಬೆಳ್ಳಗೆ ಖಾಲಿಯಾಯಿತು.

ಭಟ್ಟರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ತಾನಾಗಲೇ ಉಪಾಯ ಮಾಡಿದ್ದೇನೆ ಎಂಬ ಹೆಮ್ಮೆ ಮುಖದಲ್ಲಿತ್ತು.

“ದೋಸೆ ತಡವಾದ್ರೆ ಎಂತ ಮಾಡುದು? ಇನ್ನೊಮ್ಮೆ ಕೂಗುದು. ಫೋನು ಮಾಡಿದವರಿಗೆಲ್ಲ ಹಾಗೇ ಹೇಳಿದ್ದೇನೆ, ಸೈಟು ಬರುವವರೆಗೆ ಬಟನು ಒತ್ತುತ್ತಾ ಇರಿ ಅಂತ.”

“ಮಾವ, ಒಂದೊಂದು ಸಲ ಒತ್ತಿದಾಗ್ಲೂ ಒಬ್ಬ ಸಿಕ್ಕಿಬೀಳ್ತಾನೆ. ಇರುದೇ ನಾಲ್ಕು ಜನ.”

“ಯಾವ ನಾಲ್ಕು ಜನ? ಮೇಲೆ ನೀನೊಬ್ಬನೇ ಅಲ್ವಾ?”

ಸೂರಜ ಹಲ್ಲು ಕಚ್ಚಿ ನಾಲ್ಕನ್ನು ನಲವತ್ತು ಮಾಡಿದ. ಆರು ಜನರ ಚಾಪೆಯ ಮೇಲೆ ಮದುವೆ ದಿಬ್ಬಣವೇ ಬಂದು ಮಲಗಿದ ಹಾಗಾಯಿತು. ಕಂಪ್ಯೂಟರಿನ ಮೆಮೊರಿ ಮುಗಿದು ಮೌಸು ಕೂಡ ಕದಲಲಿಲ್ಲ. ಭಟ್ಟರು ಇಳಿದು ಹೋದರು. ಕೆಳಗಿಂದ ಉದ್ದ ಸೌಟು ತೊಳೆಯುವ ಸದ್ದು ಬಂತು.

ಅವನು ಯಂತ್ರವನ್ನು ಆರಿಸಿ ಹೊತ್ತಿಸಿ, ಎಂಟು ಪ್ರೋಸೆಸ್ಸು ಸಾಕೆಂದು ಬರೆದು, ಒಂದೊಂದೂ ಏನು ಮಾಡುತ್ತಿದೆ ಎಂದು ಇಣುಕಿದ. ಎಂಟೂ ಕೌಂಟರಿನ ಪ್ರಿಂಟರಿನ ಉತ್ತರಕ್ಕೆ ಕಾಯುತ್ತಿದ್ದವು, ಬಾರದ ಬಸ್ಸಿಗೆ ಕಾಯುವವರ ಹಾಗೆ.

ಕೆಳಗೆ ಓಡಿದರೆ ಪ್ರಿಂಟರಿನ ಪ್ಲಗ್ಗು ನೆಲದಲ್ಲಿತ್ತು. ಅದರ ಜಾಗದಲ್ಲಿ ಭಟ್ಟರ ಹೆಂಡತಿ ಬೇಬಿ ಅತ್ತೆಯ ಮೊಬೈಲು ಚಾರ್ಜಾಗುತ್ತಿತ್ತು.

“ಫೋನು ಸತ್ತುಹೋಗಿತ್ತು ಮಾರಾಯ,” ಎಂದರು ಅತ್ತೆ. “ಅಂಬತ್ತೂರಿನ ತಂಗಿ ಮಗಳು ಭಾವನಾಗೂ ಬಟನು ಒತ್ತು ಅಂತ ಹೇಳ್ಬೇಕಿತ್ತಲ್ಲ.”

ಸೂರಜನಿಗೆ ಬಂದ ಸಿಟ್ಟಿಗೆ ಆ ಪ್ಲಗ್ಗಿಲ್ಲದೆಯೂ ಪ್ರಿಂಟರು ಓಡಬಹುದಿತ್ತು. ಪ್ಲಗ್ಗು ಮತ್ತೆ ಸಿಕ್ಕಿಸಿ, ಮೇಲೆ ಬಂದು ಮಾವನ ಹಟವನ್ನೇ ತಿದ್ದಿದ: ಮೊದಲು ಆರ್ಡರು ಉಳಿಸು, ಧನ್ಯವಾದ ಹೇಳು, ಚೀಟಿ ಆಮೇಲೆ ನಿಧಾನವಾಗಿ ಅಚ್ಚಾಗಲಿ. ಹನ್ನೊಂದಕ್ಕೆ ಸೈಟು ಹೊಳೆಯ ನೀರಿನಂತೆ ಹರಿಯತೊಡಗಿತು. ಮುದುಕರು ಏಳುತ್ತಿದ್ದರು, ಕೂರುತ್ತಿದ್ದರು. ಸೂರಜನಿಗೆ ಹಾಯಾಗಿ ಜೊಂಪು ಹತ್ತಿತು. ಕನಸಿನಲ್ಲಿ ಅವನಿಗೆ ತಣ್ಣಗಿನ ಕೋಣೆ, ತಿರುಗುವ ಕುರ್ಚಿ.

ಮೂರು ಗಂಟೆಗೆ ಭಟ್ಟರು ಭುಜ ಅಲುಗಾಡಿಸಿದರು. ಕಣ್ಣಲ್ಲಿ ನೀರು; ಕೈಯಲ್ಲಿ ಸೀರೆಯಷ್ಟುದ್ದದ ಚೀಟಿ. ಬೆನ್ನ ಹಿಂದೆ ಹೆಡ್ ಅಡಿಗೆಯವ ರಾಮದಾಸ ತಲೆಯ ಮೇಲೆ ಕೈಹೊತ್ತು ನಿಂತಿದ್ದ.

“ಗೆದ್ದೆ ಸೂರಜ. ಆರುನೂರು ಕಿಲೋ ಮೈಸೂರುಪಾಕ. ಇವನು ಕೈ ಸಾಲುದಿಲ್ಲ ಅಂತಾನೆ.”

ಆರ್ಡರು ಮುಚ್ಚಿಬಿಡೋಣವೇ ಎಂದು ಸೂರಜ ಗಾಬರಿಯಿಂದ ಕೇಳಿದ.

“ಇಷ್ಟು ಕಷ್ಟಪಟ್ಟು ತೆರೆದದ್ದನ್ನು ಮುಚ್ಚುದಾ? ಅದು ಈಗ ತನ್ನಷ್ಟಕ್ಕೆ ನಡೀತದಲ್ಲ?”

“ನಡೀತದೆ ಮಾವ.”

“ಮತ್ತೆ ಮೇಲೆ ನಿಂಗೆ ಎಂತ ಕೆಲಸ? ಬಾ, ಬಾಣಲೆ ಕಾದಿದೆ.”

ಸೂರಜ ಪರದೆಯ ಕಡೆ ಆಸೆಯಿಂದ ನೋಡಿದ. ಹುಡುಕಿದರೂ ಒಂದು ದೋಷವೂ ಸಿಗಲಿಲ್ಲ.