ಚೀಲಕ್ಕೆ ಮುಲಾಜಿಲ್ಲ

ಹೊಸ ಹತ್ತಿಯ ವಾಸನೆ ಮೂಗಿಗೆ ಬಡಿದರೆ ಸಾಕು, ಅವನಿಗೆ ಅಪ್ಪನ ನೆನಪಾಗುತ್ತಿತ್ತು. ಬಿಸಿಲಿಗೆ ಹರವಿದ ಹತ್ತಿಗೆ ಬೆಚ್ಚಗಿನ, ಸ್ವಲ್ಪ ಧೂಳು ಬೆರೆತ, ಇನ್ನೇನು ಸೀನು ಬಂತು ಅನ್ನಿಸುವಂಥ ವಾಸನೆ. ಅಪ್ಪ ಹಾಸಿಗೆ ಹೊಲಿಯುತ್ತಿದ್ದರು. ಹೊಲಿದು ಮುಗಿದ ಹಾಸಿಗೆಯ ಮೇಲೆ ಮೊದಲು ಮಲಗುವ ಭಾಗ್ಯ ಮನುಷ್ಯರಿಗಿರಲಿಲ್ಲ, ಒಂದು ಮರಳಿನ ಚೀಲಕ್ಕಿತ್ತು. ಚೀಲ ಎಲ್ಲಿ ಕುಸಿಯಿತು, ಯಾವ ಕಡೆ ಉರುಳಿತು ಎಂದು ನೋಡದೆ ಅವರು ಹಾಸಿಗೆಯನ್ನು ಹೊರಗೆ ಕೊಟ್ಟವರಲ್ಲ. "ಮನುಷ್ಯರು ಮುಲಾಜಿಗೆ ಚೆನ್ನಾಗಿದೆ ಅಂತಾರೆ ಕಣೋ. ಚೀಲಕ್ಕೆ ಮುಲಾಜಿಲ್ಲ" ಎನ್ನುತ್ತಿದ್ದರು.

ಮಗನಿಗೆ ಅಪ್ಪನ ಕಸುಬು ಬಂತು, ಚೀಲದ ಗುಣ ಬರಲಿಲ್ಲ. ಅವನು ಹುಟ್ಟಿದ್ದೇ ಮುಲಾಜಿನ ಮುದ್ದೆಯಾಗಿ. ದೊಡ್ಡ ಹಾಸಿಗೆ ಅಂಗಡಿಯೊಂದರಲ್ಲಿ ಮಾರಾಟಕ್ಕೆ ನಿಲ್ಲುತ್ತಿದ್ದ. ಗಿರಾಕಿಗಳು "ಇದು ಒಳ್ಳೇದೋ, ಅದು ಒಳ್ಳೇದೋ?" ಎಂದರೆ "ಇದೂ ಸರಿ, ಅದೂ ಸರಿ" ಎನ್ನುವನು. ಅವರು ಬೇಸತ್ತು ಎದುರಿನ ಅಂಗಡಿಗೆ ಹೋಗುತ್ತೇವೆ ಎಂದರೆ "ಅದೂ ಸರಿ" ಎಂದು ಬಾಗಿಲವರೆಗೆ ಬೀಳ್ಕೊಡುವನು. ಹೀಗಾಗಿ ಅಂಗಡಿಯಲ್ಲಿ ಅವನ ಹೆಸರೇ 'ಅದೂಸರಿ' ಆಗಿಬಿಟ್ಟಿತ್ತು. ಅವನು ಗಟ್ಟಿ ದನಿಯಲ್ಲಿ ಮಾತಾಡುತ್ತಿದ್ದುದು ವ್ಯಾನಿನ ಇಬ್ಬರು ಆಳುಗಳ ಜೊತೆ ಮಾತ್ರ. ಹಳೆಯದನ್ನು ಕೊಟ್ಟು ಹೊಸದನ್ನು ಕೊಳ್ಳುವುದು ಆ ಅಂಗಡಿಯ ಪದ್ಧತಿ. "ಹೊಸ ಮಂಚ ಕಂಡ ಮನೆಯಲ್ಲಿ ಹಳೇದನ್ನ ಬಿಟ್ಟು ಬರಬೇಡ್ರಪ್ಪಾ" ಎಂದು ದಿನಾ ಹೇಳುವನು. ಅವರೂ ವಿಧೇಯರು.

ಇಂಥವನ ಕೊರಳಿಗೆ ಹೆಂಡತಿ ಆಸ್ಪತ್ರೆಯ ಹಾಸಿಗೆಯಲ್ಲಿ ಕೂತೇ ಒಂದು ಕೆಲಸ ಗಂಟುಹಾಕಿದ್ದಳು. ಚೊಚ್ಚಲ ಹೆಣ್ಣುಮಗು ಅವಳ ತೋಳಿನಲ್ಲಿ ಮುಷ್ಟಿ ಬಿಗಿದು ಮಲಗಿತ್ತು.

"ನರ್ಸಮ್ಮ ಹೇಳಿದ್ದು ಕೇಳಿಸ್ಕೊಂಡ್ರಲ್ಲ? ಮಗೂಗೆ ಬೇಕಾಗಿರೋದು ಗಟ್ಟಿಯಾದ, ಮಟ್ಟಸವಾದ ಒಂದು ಪುಟ್ಟ ಹಾಸಿಗೆ. ನನ್ನ ಮಂಚದ ಪಕ್ಕದಲ್ಲೇ, ಆದ್ರೆ ಬೇರೆ. ದಿಂಬು ಬೇಡ, ಗೊಂಬೆ ಬೇಡ, ಕುಲುಕೋದು ಬೇಡ. ಅಷ್ಟೇ."

"ಸರಿ."

"ನಿಮ್ಮ ಸರಿ ನನಗೆ ಗೊತ್ತು. ಊರೋರೆಲ್ಲ ಒಂದೊಂದು ತಂದು ಸುರೀತಾರೆ, ನೀವು ಎಲ್ಲದಕ್ಕೂ ತಲೆ ಆಡಿಸ್ತೀರ. ನೋಡಿ, ನಾನು ಬಂದಾಗ ಕೋಣೆಯಲ್ಲಿ ಮಗೂಗೆ ಅಂತ ಎರಡನೇದೊಂದು ಕಂಡ್ರೆ, ಹೊಸಲು ದಾಟಲ್ಲ. ಹಾಗೇ ಅಮ್ಮನ ಮನೆಗೆ. ಮೂರು ತಿಂಗಳು ಮಗಳ ಮುಖ ನೋಡೋಕೆ ಬಸ್ಸು ಹಿಡಿದು ಬರಬೇಕಾಗತ್ತೆ."

ಮುಷ್ಟಿ ಬಿಗಿದ ಮಗು ಆಗಲೇ ಒಂದು ಕಣ್ಣು ತೆರೆದು ಅಪ್ಪನನ್ನು ಅಳೆಯುವಂತೆ ನೋಡಿತು. ಬಸ್ಸಿನ ಮಾತು ಅವನ ಎದೆಗೆ ನಾಟಿತು.

ಹೆಂಡತಿ ಮನೆಗೆ ಬರುವ ದಿನ ಅವನು ರಜೆ ಹಾಕಿದ. ಅಪ್ಪನ ದಬ್ಬಳ ಹಿಡಿದು ತಾನೇ ಹೊಲಿದ ಪುಟ್ಟ ಹಾಸಿಗೆಯನ್ನು ಪುಟ್ಟ ಮಂಚದ ಮೇಲೆ ಹಾಸಿ, ದೊಡ್ಡ ಮಂಚದ ಪಕ್ಕಕ್ಕೆ ನಿಲ್ಲಿಸಿ, ಸೊಂಟದ ಮೇಲೆ ಕೈಯಿಟ್ಟು ನೋಡಿದ. ಚೆನ್ನಾಗಿತ್ತು. ಮಾವ ಹೆಂಡತಿಯನ್ನೂ ಮಗುವನ್ನೂ ಕರೆದುಕೊಂಡು ಬರುವುದು ಮಧ್ಯಾಹ್ನಕ್ಕೆ. ಇನ್ನು ತಿಂಡಿ ತಿನ್ನೋಣ ಎಂದುಕೊಂಡ. ಅಷ್ಟರಲ್ಲಿ, ಮನೆ ಸಜ್ಜು ಮಾಡಲು ಹಿಂದಿನ ದಿನವೇ ಬಂದಿದ್ದ ಅತ್ತೆ ಒಂದು ಗಂಟು ಬಿಚ್ಚಿದರು.

"ಅಳಿಯಂದಿರೇ, ಇದೇನು ಹಲಗೆ ಥರ? ಕೂಸಿನ ಬೆನ್ನು ಏನಾಗಬೇಕು? ತಗೊಳ್ಳಿ, ನಾನೇ ಹೊಲಿದಿದ್ದು."

ಬೆಣ್ಣೆಯಂಥ ಮೆತ್ತೆ, ಸುತ್ತ ಕೋಟೆಗೋಡೆಯ ಹಾಗೆ ಆರು ದಿಂಬು. ಒಂದೊಂದರ ಅಂಚಿಗೂ ಹೂವಿನ ಕಸೂತಿ. ತಿಂಗಳುಗಟ್ಟಲೆ ಕಣ್ಣು ಕಿರಿದುಮಾಡಿಕೊಂಡು ಕೂತು ಹಾಕಿದ ಕಸೂತಿ ಎಂದು ನೋಡಿದರೇ ತಿಳಿಯುತ್ತಿತ್ತು. 'ಬೇಡ' ಎಂಬ ಪದ ಅವನ ಗಂಟಲವರೆಗೆ ಬಂದು, ಅಪರಿಚಿತರ ಮನೆಗೆ ಬಂದ ನೆಂಟನಂತೆ ಅಲ್ಲೇ ನಿಂತಿತು.

"ಅದೂ ಸರಿ ಅತ್ತೆ" ಎಂದ.

ಬಾಗಿಲು ಬಡಿದ ಸದ್ದು. ಮೇಲಿನ ಮನೆಯ ಟೀಚರಮ್ಮ, ಕೆಲಸದಿಂದ ನಿವೃತ್ತರಾದವರು, ಮರದ ತೊಟ್ಟಿಲಿನ ಒಂದು ತುದಿ ಹಿಡಿದು ಏದುಸಿರು ಬಿಡುತ್ತಿದ್ದರು. ಇನ್ನೊಂದು ತುದಿ ಮೆಟ್ಟಿಲ ಮೇಲೇ ಇತ್ತು.

"ಹಿಡಿಯಪ್ಪಾ, ಹಿಡಿ! ನನ್ನ ನಾಲ್ಕು ಮಕ್ಕಳೂ ಇದರಲ್ಲೇ ಮಲಗಿದ್ದು. ಒಬ್ಬ ಈಗ ಜಡ್ಜು!"

ಜಡ್ಜನ್ನು ಮಲಗಿಸಿದ ತೊಟ್ಟಿಲಿಗೆ ಬೇಡ ಎನ್ನಲು ಯಾರಿಗೆ ಧೈರ್ಯ? ಅದೂ ಒಳಗೆ ಬಂತು. ಆನೆಯ ತೂಕ. ಅದನ್ನು ಇಳಿಸುವಾಗ ಅವನ ಕಾಲಿನ ಹೆಬ್ಬೆರಳು ಅದರಡಿಗೆ ಸಿಕ್ಕಿತು. ಅವನು ಕೂಗಲಿಲ್ಲ. ಟೀಚರಮ್ಮ ನೊಂದುಕೊಂಡಾರು ಎಂದು ಮುಗುಳ್ನಕ್ಕ.

ಕುಂಟುತ್ತಾ ತಿಂಡಿಯ ಕಡೆ ತಿರುಗಿದರೆ ಅಂಗಡಿಯ ಕ್ಯಾಷಿಯರ್ ಹಾಜರು. ಕಂಕುಳಲ್ಲಿ ದೊಡ್ಡ ರಟ್ಟಿನ ಡಬ್ಬ.

"ಏನಯ್ಯಾ ಅದೂಸರಿ, ಹಳೇ ಕಾಲದ ಸಾಮಾನೆಲ್ಲ ಪಕ್ಕಕ್ಕಿಡು. ಇದು ಕರೆಂಟಿನ ತೂಗುಕುರ್ಚಿ. ಗುಂಡಿ ಒತ್ತಿದ್ರೆ ತೂಗತ್ತೆ, ಹಾಡತ್ತೆ, ಚಂದ್ರನ್ನೂ ತೋರಿಸತ್ತೆ. ನೀನು ಏಳೋದೇ ಬೇಡ."

"ಚಂದ್ರ ಹಗಲು ಹೊತ್ತು ಯಾಕೆ?" ಎಂದರು ಟೀಚರಮ್ಮ.

"ನಿಮ್ಮ ತೊಟ್ಟಿಲು ಹಾಡತ್ತಾ ಮೇಡಂ?"

"ನಮ್ಮ ಕಾಲದಲ್ಲಿ ತಾಯಂದಿರು ಹಾಡ್ತಿದ್ರು."

"ಹಾಡಿದ್ರೆ ಸಾಕಾ? ಬೆನ್ನಿಗೆ ಮೆತ್ತಗಿರಬೇಕು" ಎಂದು ಅತ್ತೆ ನಡುವೆ ಕೈಹಾಕಿದರು.

ಮೂವರಲ್ಲಿ ಇಬ್ಬರು ಮಗುವನ್ನು ಇನ್ನೂ ಕಂಡವರೇ ಅಲ್ಲ, ಆದರೂ ಮೂವರೂ ಅದರ ನಿದ್ದೆಗಾಗಿ ಜುಟ್ಟು ಜುಟ್ಟು ಹಿಡಿಯುವ ಹಂತಕ್ಕೆ ಬಂದರು. ಅವನು ಒಬ್ಬೊಬ್ಬರ ಕಡೆಗೂ ತಿರುಗಿ "ಅದೂ ಸರಿ, ಅದೂ ಸರಿ" ಎನ್ನುತ್ತಾ ಗಾಳಿಗೆ ಸಿಕ್ಕ ಬೀಸಣಿಗೆಯಾದ. ಕೋಣೆಯಲ್ಲಿ ಈಗ ಕಾಲಿಡಲು ಜಾಗವಿರಲಿಲ್ಲ. ತಾನು ಹೊಲಿದ ಪುಟ್ಟ ಹಾಸಿಗೆ ದಿಂಬುಗಳ ರಾಶಿಯ ಹಿಂದೆ ಕಾಣದಂತಾಗಿತ್ತು.

ಫೋನು ಗುಣುಗುಟ್ಟಿತು. ಹೆಂಡತಿ.

"ಹೊರಟ್ವಿ. ಕೋಣೆ ಹೇಗಿದೆ?"

"ಇದೆ" ಎಂದ.

"ಒಂದೇ ತಾನೇ?"

ಅವನಿಗೆ ಬಸ್ಸು ಕಣ್ಣ ಮುಂದೆ ಬಂತು. ಕಿಟಕಿ ಪಕ್ಕದಲ್ಲಿ ತಾನು, ಮಡಿಲಲ್ಲಿ ಗಿಲಕಿ. "ನೀನು ಬಾ" ಎಂದಷ್ಟೇ ಹೇಳಿ ಫೋನಿಟ್ಟ.

ನೀರು ಕುಡಿಯಲೆಂದು ಅಡುಗೆಮನೆಗೆ ಹೋದ. ಒಲೆಯ ಪಕ್ಕದಲ್ಲಿ ಅತ್ತೆ ತಂದ ಹಿಟ್ಟಿನ ಚೀಲ ಗೋಡೆಗೆ ಒರಗಿ ಕೂತಿತ್ತು. ದುಂಡಗೆ, ಬೆಳ್ಳಗೆ, ಬಾಯಿ ಕಟ್ಟಿಕೊಂಡು. ಎತ್ತಿ ನೋಡಿದ. ಆಸ್ಪತ್ರೆಯಲ್ಲಿ ಮಗಳನ್ನು ಎತ್ತಿಕೊಂಡಾಗ ತೋಳಿಗೆ ಬಂದ ಭಾರವೇ, ಹೆಚ್ಚಲ್ಲ ಕಡಿಮೆಯಲ್ಲ. ಎಲ್ಲಿಂದಲೋ ಹೊಸ ಹತ್ತಿಯ ವಾಸನೆ ಬಂದಂತಾಯಿತು.

ಮಗುವಿಗೆಂದು ತಂದಿಟ್ಟಿದ್ದ ಕುಲಾವಿಯನ್ನು ಚೀಲದ ತಲೆಗೆ ತೊಡಿಸಿ, ಎದೆಗವಚಿಕೊಂಡು ಹೊರಗೆ ಬಂದ. ಜಗಳ ನಿಂತಿತು.

"ನಮ್ಮ ಅಂಗಡಿಯಲ್ಲಿ ಮಲಗಿ ನೋಡದೆ ಯಾರೂ ಕೊಳ್ಳಲ್ಲ" ಎಂದ. "ಮಗಳು ದಾರಿಯಲ್ಲಿದಾಳೆ. ಅವಳ ಪರವಾಗಿ ಇದು ಮಲಗತ್ತೆ."

"ತಲೆ ಕೆಟ್ಟಿದೆಯೇನಯ್ಯಾ?" ಎಂದು ಕ್ಯಾಷಿಯರ್ ನಕ್ಕ. ಆದರೂ ತನ್ನ ತೂಗುಕುರ್ಚಿಯೇ ಗೆಲ್ಲುತ್ತದೆಂಬ ಭರವಸೆಯಿಂದ ಗುಂಡಿ ಒತ್ತಿದ. ಕುರ್ಚಿ ತೂಗಿತು, ಹಾಡಿತು, ಚಾವಣಿಗೆ ಚಂದ್ರ ಹತ್ತಿದ. ಓರೆಯಾಗಿ ಕೂತ ಹಿಟ್ಟಿನ ಮಗು ಒಂದೊಂದು ತೂಗಿಗೂ ಕೆಳಕೆಳಗೆ ಜಾರಿ, ಕುಲಾವಿಯ ತಲೆ ಎದೆಯ ಮೇಲೆ ಮುರುಟಿ ಬಿತ್ತು.

"ಅಯ್ಯೋ ಕತ್ತು! ಕತ್ತು ನೋಡೋ!" ಎಂದು ಕೂಗಿ ಎತ್ತಿಕೊಂಡವನು ಕ್ಯಾಷಿಯರೇ. ಎತ್ತಿಕೊಂಡು ಬೆನ್ನು ತಟ್ಟಿದ. ಆಮೇಲೆ ತಾನು ತಟ್ಟುತ್ತಿರುವುದು ಹಿಟ್ಟನ್ನು ಎಂದು ಹೊಳೆದು ಪೆಚ್ಚಾದ.

ಟೀಚರಮ್ಮನ ತೊಟ್ಟಿಲಿನ ಸರದಿ. ಅವರು ನಾಜೂಕಾಗಿ ತೂಗಿದರು. ನಡುವೆ ತಗ್ಗಾಗಿದ್ದ ಹಳೆಯ ಹಲಗೆಯ ಮೇಲೆ ಚೀಲ ಮಗ್ಗುಲಾಗಿ, ಬೋರಲಾಗಿ, ಉರುಳಿ ಹೋಗಿ ಮೂಲೆಗೆ ಮುಖ ಒತ್ತಿ ನಿಂತಿತು. ಟೀಚರಮ್ಮ ತೂಗುವುದನ್ನು ನಿಲ್ಲಿಸಿದರು.

"ನನ್ನ ಮಕ್ಕಳ ಅದೃಷ್ಟ ದೊಡ್ಡದಿತ್ತು ಅಂತ ಕಾಣತ್ತಪ್ಪಾ" ಎಂದರು. "ಇದರಲ್ಲಿ ನಾನಿನ್ನು ಪುಸ್ತಕ ಇಟ್ಕೋತೀನಿ."

ಉಳಿದದ್ದು ಅತ್ತೆಯ ಮೆತ್ತೆ. ಅವನ ಕೈ ಮುಂದೆ ಹೋಗಲಿಲ್ಲ. ಕಸೂತಿಯ ಹೂಗಳು ಅವನನ್ನೇ ನೋಡುತ್ತಿದ್ದವು. ಅತ್ತೆಯೇ ಚೀಲವನ್ನು ಅವನ ಕೈಯಿಂದ ತೆಗೆದುಕೊಂಡು ಮೆತ್ತೆಯ ಮೇಲೆ ಮಲಗಿಸಿದರು. ಅದು ಮೊಸರಿಗೆ ಬಿದ್ದ ಬೆಲ್ಲದಂತೆ ಹೂತುಹೋಯಿತು. ಎರಡು ಕಡೆಯಿಂದ ದಿಂಬುಗಳು ಮಗುಚಿಕೊಂಡು ಕುಲಾವಿಯೂ ಕಾಣದಾಯಿತು. ಅತ್ತೆ ಗಡಬಡಿಸಿ ಅದನ್ನು ಹೊರಗೆಳೆದು ಮಡಿಲಲ್ಲಿಟ್ಟುಕೊಂಡರು.

"ನಾನು ಹೊಲಿದ ದಿಂಬೇ ನನ್ನ ಮೊಮ್ಮಗಳ ಮೂಗು ಮುಚ್ಚೋದು ಬೇಡ" ಎಂದು ಮೆಲ್ಲನೆ ಹೇಳಿ, ತಾವೇ ಒಂದೊಂದಾಗಿ ದಿಂಬುಗಳನ್ನು ಗಂಟಿಗೆ ತುಂಬತೊಡಗಿದರು.

"ಅತ್ತೆ, ಅವನ್ನ ಒಳಗಿಡಬೇಡಿ" ಎಂದ ಅವನು. "ಮಗೂಗೆ ಹಾಲು ಕೊಡುವಾಗ ಅವಳ ಬೆನ್ನಿಗೆ, ಮೊಣಕೈಗೆ ಬೇಕಾಗತ್ತೆ."

ಅತ್ತೆ ತಲೆ ಎತ್ತಿ ಅಳಿಯನನ್ನು ಹೊಸಬನನ್ನು ನೋಡುವಂತೆ ನೋಡಿದರು. ಕೊನೆಗೆ ಪುಟ್ಟ ಹಾಸಿಗೆಯ ಮೇಲೆ ಅಂಗಾತ ಮಲಗಿಸಿದ ಹಿಟ್ಟಿನ ಮಗು ಜಾರಲಿಲ್ಲ, ಉರುಳಲಿಲ್ಲ, ಕುಸಿಯಲಿಲ್ಲ. ಕುಲಾವಿ ಹಾಕಿಕೊಂಡು ಚಾವಣಿ ನೋಡುತ್ತಾ ಸಾಹುಕಾರನಂತೆ ಬಿದ್ದುಕೊಂಡಿತ್ತು.

ಆಗಲೇ ಹೊರಗೆ ವ್ಯಾನಿನ ಹಾರ್ನು ಕೇಳಿಸಿತು. ಅಂಗಡಿಯ ಇಬ್ಬರು ಆಳುಗಳು ಒಂದು ದೋಣಿಯನ್ನು ಹೊತ್ತು ಬಾಗಿಲಲ್ಲಿ ನಿಂತಿದ್ದರು. ನಿಜಕ್ಕೂ ದೋಣಿಯಾಕಾರದ ಮಂಚ. ಮೂತಿಗೆ ಬಾವುಟ, ಪಕ್ಕಕ್ಕೆ ಚುಕ್ಕಾಣಿ.

"ಯಜಮಾನ್ರು ಮಗೂಗೆ ಅಂತ ಕಳಿಸಿದಾರಣ್ಣ. ಎಲ್ಲಿ ಇಳಿಸೋಣ?"

ಯಜಮಾನರ ಉಡುಗೊರೆ! ಎಲ್ಲರೂ 'ಅದೂ ಸರಿ'ಗಾಗಿ ಕಾದರು. ಆದರೆ ಬೆಳಗಿನಿಂದ ಗಂಟಲಲ್ಲಿ ನಿಂತಿದ್ದ ನೆಂಟ ಅಂದು ಬಾಗಿಲು ಒದ್ದು ಹೊರಗೆ ಬಂದ.

"ಬೇಡ!"

ಕಿಟಕಿಯ ಗಾಜು ಅದುರಿತು. ಆ ಸದ್ದು ಅವನಿಗೇ ಎಷ್ಟು ಹಿತವಾಯಿತೆಂದರೆ ಇನ್ನೊಮ್ಮೆ ಹೇಳಿದ.

"ಬೇಡ! ವಾಪಸ್ ತಗೊಂಡು ಹೋಗಿ! ಆ ಕೋಣೆಯಲ್ಲಿ ನನ್ನ ಮಗಳ ಪುಟ್ಟ ಮಂಚ ಬಿಟ್ಟು ಇನ್ನೊಂದು ಮಂಚ ಇರಕೂಡದು! ಎಲ್ಲಾ ಎತ್ಕೊಂಡು ನಡೀರಿ!"

"ಎಲ್ಲಾನಾ ಅಣ್ಣ?"

"ಎಲ್ಲಾ!"

ಟೀಚರಮ್ಮ ಚಪ್ಪಾಳೆ ತಟ್ಟಿದರು. ಅತ್ತೆ ಹಿಟ್ಟಿನ ಚೀಲವನ್ನೆತ್ತಿಕೊಂಡು ಅಡುಗೆಮನೆಗೆ ನಡೆದರು. ಅವನು ತೊಟ್ಟಿಲನ್ನು ಹೆಗಲಿಗೇರಿಸಿ ಅವರ ಹಿಂದೆ ಮೆಟ್ಟಿಲು ಹತ್ತಿದ. ಬೆಳಿಗ್ಗೆ ಆನೆಯಾಗಿದ್ದ ತೊಟ್ಟಿಲು ಈಗ ಹೂವಾಗಿತ್ತು. ಮೇಲೆ ಟೀಚರಮ್ಮ ಜಡ್ಜಿನ ಬಾಲ್ಯವನ್ನೆಲ್ಲಾ ಹೇಳಿದರು, ಅವನು ರಾಜನಂತೆ ಕೂತು ಕೇಳಿದ. ಕೆಳಗೆ ಕ್ಯಾಷಿಯರ್ ತೂಗುಕುರ್ಚಿಯನ್ನು ಸ್ಕೂಟರಿಗೆ ಕಟ್ಟುತ್ತಿದ್ದ. ವ್ಯಾನು ಹೊರಟ ಸದ್ದು ಕೇಳಿ ಅವನಿಗೆ ಎದೆ ಉಬ್ಬಿತು. ಅದರ ಹಿಂದೆಯೇ ಮಾವನ ಕಾರು ಬಂದು ನಿಂತಿತು.

ಅವನು ಮೂರು ಮೂರು ಮೆಟ್ಟಿಲು ಹಾರಿ ಕೆಳಗಿಳಿದ. ಹೆಂಡತಿ ಮಗುವನ್ನೆತ್ತಿಕೊಂಡು ಹೊಸಲಿನ ಹೊರಗೇ ನಿಂತಿದ್ದಳು. ಟೀಚರಮ್ಮನೂ ಕ್ಯಾಷಿಯರೂ ಹಿಂದೆ ಸೇರಿಕೊಂಡರು.

"ತೋರಿಸಿ" ಎಂದಳು.

ಅವನು ನಾಟಕದ ಪರದೆ ಸರಿಸುವವನಂತೆ ಕೋಣೆಯ ಬಾಗಿಲು ತಳ್ಳಿದ.

ಕೋಣೆಯಲ್ಲಿ ಪುಟ್ಟ ಮಂಚ ಇತ್ತು. ಅದರ ಮೇಲೆ ಪುಟ್ಟ ಹಾಸಿಗೆ ಇತ್ತು. ಗೋಡೆಯಿಂದ ಗೋಡೆಗೆ ಬೇರೇನೂ ಇರಲಿಲ್ಲ. ದೊಡ್ಡ ಮಂಚವಿದ್ದ ಜಾಗದಲ್ಲಿ ನಾಲ್ಕು ಕಾಲಿನ ಗುರುತು, ಎಂದೋ ಕಳೆದಿದ್ದ ಒಂದು ಬಾಚಣಿಗೆ.

ಹೆಂಡತಿ ಕೋಣೆಯನ್ನು ನೋಡಿದಳು. ಗಂಡನನ್ನು ನೋಡಿದಳು. ಆಮೇಲೆ ಹೊಸಲು ದಾಟಿ ಒಳಗೆ ಬಂದು, ಮಗಳನ್ನು ಅಂಗಾತ ಮಲಗಿಸಿದಳು. ಮಗು ಒಮ್ಮೆ ಮೈಮುರಿದು, ಮುಷ್ಟಿ ಸಡಿಲಿಸಿ ನಿದ್ದೆಹೋಯಿತು.

"ಗೆದ್ರಿ" ಎಂದಳು, ನಗು ತಡೆಯಲಾಗದೆ. "ಒಂದೇ ಒಂದು. ನಾನು ಎಲ್ಲೂ ಹೋಗಲ್ಲ. ಆದ್ರೆ ನಾನು ಎಲ್ಲಿ ಮಲಗಲಿ?"

"ಅತ್ತೆ, ನೀವಾದ್ರೂ ನೋಡ್ಲಿಲ್ವಾ?" ಎಂದು ಅವನು ಅಡುಗೆಮನೆಯ ಕಡೆ ಕೂಗಿದ.

"ನೋಡಿದೆ. ಆಳುಗಳನ್ನ ಕೇಳಿದ್ದಕ್ಕೆ 'ಹೊಸ ಮಂಚ ಬಂದಮೇಲೆ ಹಳೇದು ಬಿಡಬಾರದು, ಅಣ್ಣನ ಅಪ್ಪಣೆ' ಅಂದ್ರು. ಅಷ್ಟು ಜೋರಾಗಿ ಅಪ್ಪಣೆ ಮಾಡಿದ್ರಲ್ಲ, ನಾನ್ಯಾಕೆ ಅಡ್ಡ ಬರಲಿ?"

ಅಂಗಡಿಯ ಫೋನು ಸಿಗುವ ಹೊತ್ತಿಗೆ ಗಂಟೆ ಕಳೆದಿತ್ತು. ಹಳೆಯ ಮಂಚ ಆಗಲೇ ತುಂಡಾಗಿ, ಅದರ ಹಾಸಿಗೆ ಯಂತ್ರದ ಬಾಯಿಗೆ ಬಿದ್ದು ಹತ್ತಿಯಾಗಿ ಹಾರುತ್ತಿತ್ತು.

ಮುಂದಿನದು ಹೇಳಬೇಕಾಗಿಲ್ಲ. "ನಮ್ಮ ಮನೇಲೊಂದು ಒಳ್ಳೇ ಮಂಚ ಇದೆಯಪ್ಪಾ" ಎಂದು ಟೀಚರಮ್ಮ ಮೇಲೆ ಓಡಿದರು. "ನಂದೊಂದು ಮಡಚೋ ಮಂಚ ಇದೆ, ಇರು" ಎಂದು ಕ್ಯಾಷಿಯರ್ ಸ್ಕೂಟರು ಹತ್ತಿದ. ಸಂಜೆಯ ಹೊತ್ತಿಗೆ ಕೋಣೆಯಲ್ಲಿ ಮತ್ತೆ ಕಾಲಿಡಲು ಜಾಗವಿರಲಿಲ್ಲ. ಟೀಚರಮ್ಮನ ಮಂಚ ಹೆಂಡತಿಗೆ, ಬೆನ್ನಿಗೆ ಅಮ್ಮನ ಕಸೂತಿಯ ದಿಂಬು. ಮಡಚುವ ಮಂಚ ಅತ್ತೆಗೆ. "ಮಗಳು ಬರಲ್ಲ ಅಂದಮೇಲೆ ಮೂರು ತಿಂಗಳು ನಾನೇ ಇಲ್ಲಿರ್ತೀನಿ" ಎಂದು ಅವರು ಮಾವನನ್ನು ಒಬ್ಬರನ್ನೇ ಕಾರು ಹತ್ತಿಸಿ ಕಳಿಸಿಯಾಗಿತ್ತು.

ಕತ್ತಲಾಗುವ ಮೊದಲು ವ್ಯಾನು ಇನ್ನೊಮ್ಮೆ ಬಂತು.

"ನಿಮಗೆ ಮಲಗೋಕೆ ಏನೂ ಇಲ್ಲ ಅಂತ ಯಜಮಾನ್ರಿಗೆ ಗೊತ್ತಾಯ್ತಣ್ಣ. ಸದ್ಯಕ್ಕೆ ಇದೇ ಇಟ್ಕೋಬೇಕಂತೆ."

ಬಾವುಟ, ಚುಕ್ಕಾಣಿ ಎಲ್ಲಾ ಇದ್ದವು. ಅವನು ಬಾಯಿ ತೆರೆದ. ಅಂದಿನ ಮಟ್ಟಿಗೆ 'ಬೇಡ' ಮುಗಿದುಹೋಗಿತ್ತು.

"ಅದೂ ಸರಿ" ಎಂದ.

ಜಾಗ ಉಳಿದಿದ್ದ ಬಾಗಿಲ ಬಳಿ ದೋಣಿ ಇಳಿಯಿತು. ಅವನು ಮೊಣಕಾಲು ಗದ್ದಕ್ಕೆ ತಾಗುವಂತೆ ಅದರೊಳಗೆ ಕೂತು ನೋಡಿದ. ಸಾಲು ಮಂಚಗಳಾಚೆ ಮಗಳು ಅಂಗಾತ ಮಲಗಿ ಅಂಗೈ ಬಿಚ್ಚಿಕೊಂಡು ನಿದ್ರಿಸುತ್ತಿದ್ದಳು. ಬಸ್ಸು ಬೇಕಿರಲಿಲ್ಲ. ಕೂತಲ್ಲಿಂದಲೇ ಕಾಣುತ್ತಿದ್ದಳು.

ಅತ್ತೆ ಅಡುಗೆಮನೆಯಿಂದ ಬಂದರು. ಬೆಳಗಿನಿಂದ ಅಳಿಯನ ಹೊಟ್ಟೆಗೆ ಏನೂ ಬಿದ್ದಿಲ್ಲವೆಂದು ಆ ಮನೆಯಲ್ಲಿ ಗಮನಿಸಿದವರು ಅವರೊಬ್ಬರೇ. ಹೆಗಲ ಮೇಲೆ ಡಬ್ಬಿಗೆ ಸುರಿದು ಖಾಲಿಮಾಡಿದ ಹಿಟ್ಟಿನ ಚೀಲ, ಅದರ ಮೇಲೆ ಮಡಿಸಿಟ್ಟ ಕುಲಾವಿ. ದೋಣಿಯ ಅಂಚಿನ ಮೇಲಿಂದ ಬಗ್ಗಿ, ಬಿಸಿ ರೊಟ್ಟಿಯ ತಟ್ಟೆಯನ್ನು ಅವನ ಕೈಗಿಟ್ಟರು.