ದೊರೆಯ ಬೆರಳಿಗೆ ಎಟುಕದ ಪಿಸ್ತೂಲು

ಬಹಳ ಹಿಂದೆ, ಪಿಸ್ತೂಲೂ ಉಪಸಮಿತಿಯೂ ಆಗಲೇ ಬಂದುಬಿಟ್ಟಿದ್ದ ಕಾಲದಲ್ಲಿ, ದೀರ್ಘಾವತಿ ಎಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದವನು ಆಜಾನುಬಾಹು, ವಜ್ರಮುಷ್ಟಿ, ಶ್ರೀಮನ್ಮಹಾಹಸ್ತ ಭೂಪಾಲ. ಎಂಟು ವರ್ಷದ ಹುಡುಗಿಯ ಬಳೆ ಅವನ ಕೈಗೆ ಸಲೀಸಾಗಿ ಆಗುತ್ತಿತ್ತು. ಇದು ಎಲ್ಲರಿಗೂ ಗೊತ್ತಿತ್ತು. ಬಿರುದಾವಳಿಯಲ್ಲಿ ಮಾತ್ರ ಇರಲಿಲ್ಲ.

ಬೆಳಗಾದರೆ ದೊರೆ ಉಪ್ಪರಿಗೆಯ ಮೇಲೆ ನಿಂತು ಆಕಾಶಕ್ಕೆ ಒಂದು ಗುಂಡು ಹಾರಿಸಬೇಕು. ಆ ಸದ್ದು ಕೇಳಿದ ಮೇಲೆಯೇ ಕೋಟೆಬಾಗಿಲು ತೆರೆಯಬೇಕು. ಇದು ಅಲ್ಲಿನ ಪದ್ಧತಿ. ಹೊರಗೆ ಹಾಲಿನವರು ಕೊಡ ಹೊತ್ತು, ಒಳಗೆ ಮಕ್ಕಳು ಲೋಟ ಹಿಡಿದು ಕಾಯುತ್ತಿದ್ದರು.

ಒಂದು ದಿನ ತಾತನ ಕಾಲದ ಪಿಸ್ತೂಲು ಕೆಟ್ಟಿತು. ಕಮ್ಮಾರಗಿತ್ತಿ ಈರವ್ವ ಹೊಸವು ಎರಡು ತಂದಳು. ಮಂತ್ರಿ ಸ್ತುತಿಸಾಗರ ದೊಡ್ಡದನ್ನೇ ಎತ್ತಿ ದೊರೆಯ ಕೈಗಿಟ್ಟ. ಬೆರಳು ಟ್ರಿಗರಿನ ಅರ್ಧ ದಾರಿಯಲ್ಲೇ ನಿಂತಿತು. ದೊರೆ ಕೈ ತಿರುಚಿ ಎಟುಕಿಸಲು ನೋಡಿದ.

"ಕೈ ಹೊಳ್ಳಿಸಬ್ಯಾಡ್ರಿ ದೊರೀ," ಎಂದಳು ಈರವ್ವ. "ನಳಿಗೆ ಮುಂಗೈ ನೇರಕ್ಕ ಇರಬೇಕು. ಹಂಗ ಹಿಡದಾಗ ಬೆರಳ ತುದಿ ತಾನ ಟ್ರಿಗರಿಗೆ ಬರಬೇಕು. ಇದು ನಿಮ್ಮ ಬೆರಳಿಗೆ ಎಟಕವಲ್ದು."

"ಎಲೌ, ಎಟುಕಲಿಲ್ಲ ಎನ್ನಬೇಡ!" ಮಂತ್ರಿ ಗುಡುಗಿದ. "ಟ್ರಿಗರು ಇನ್ನೂ ಪ್ರಭುಗಳ ಸನ್ನಿಧಿಗೆ ಬಂದಿಲ್ಲ ಎನ್ನು."

"ಅದು ಬರೂದಿಲ್ರಿ, ಕಬ್ಬಿಣ ಅದು. ಈ ಸಣ್ಣದನ್ನ ಹಿಡದ ನೋಡ್ರಿ."

ದೊರೆ ಹಿಡಿದ. ಅವನಿಗೆಂದೇ ಎರಕ ಹೊಯ್ದಂತೆ ಕೂತಿತು. ಮುಖ ಅರಳಿತು. ಆಮೇಲೆ ಸಭೆ ಉಸಿರು ಬಿಗಿಹಿಡಿದಿರುವುದು ಕಂಡು ಮುದುಡಿತು.

"ಮಂತ್ರಿಗಳೇ, ಇದು ಹೊಂದಿತೆಂದರೆ ಅರ್ಥವೇನು?"

"ಪಿಸ್ತೂಲು ಸುಳ್ಳು ಹೇಳುತ್ತಿದೆ ಎಂದು, ಪ್ರಭು!"

ಸಣ್ಣ ಪಿಸ್ತೂಲನ್ನು ರಾಜದ್ರೋಹದ ಮೇಲೆ ಸೆರೆಗೆ ಹಾಕಿ ನಾಲ್ವರ ಕಾವಲಿಟ್ಟರು. ಕೋಟೆಯ ಹೊರಗಿನಿಂದ ಕೂಗು ಕೇಳಿಸಿತು: "ಯಪ್ಪಾ, ಗುಂಡು ಹಾರಸ್ರೋ! ಹಾಲು ಕೆಡಾಕತ್ತೈತಿ!"

ದೊಡ್ಡದನ್ನೇ ಹಾರಿಸುವುದು ಹೇಗೆಂದು ಉಪಸಮಿತಿ ಮೂರು ದಿನ ಕೂತಿತು. ನಾಲ್ಕನೆಯ ದಿನ 'ರಾಜಬೆರಳು ವಿಸ್ತರಣಾ ಇಲಾಖೆ' ಉದಯವಾಯಿತು. ದೊರೆ ದೊಡ್ಡ ಪಿಸ್ತೂಲು ಹಿಡಿಯುವುದು, ಇಲಾಖೆಯ ನಿರ್ದೇಶಕರು ತಮ್ಮ ಬೆರಳಿನಿಂದ ಟ್ರಿಗರು ಎಳೆಯುವುದು. ನಿರ್ದೇಶಕರು ಮಂತ್ರಿಯ ಬಾಮೈದ. ಕಚೇರಿ ತೆರೆಯುವುದು ಹನ್ನೊಂದಕ್ಕೆ. ಹಾಜರಿ, ಚಹಾ, ಕಡತ ಮುಗಿದು ಗುಂಡು ಹಾರುವಾಗ ಮಧ್ಯಾಹ್ನ. ಮೊದಲ ಗುಂಡು ಅರಮನೆಯ ಕಳಶವನ್ನು ಉರುಳಿಸಿತು. ಗುರಿ ಅದೇ ಆಗಿತ್ತೆಂದು ಪ್ರಕಟಣೆ ಹೊರಟಿತು.

"ಕೊಡಗಳಲ್ಲಿ ಏನು ಬರುತ್ತಿದೆ?" ದೊರೆ ಕೇಳಿದ.

"ಮೊಸರು, ಪ್ರಭು. ಹಿಂದೆಲ್ಲ ಪ್ರಜೆಗಳೇ ಹೆಪ್ಪು ಹಾಕಬೇಕಿತ್ತು. ತಮ್ಮ ಆಳ್ವಿಕೆಯಲ್ಲಿ ಬಾಗಿಲಿಗೆ ಬರುವಷ್ಟರಲ್ಲಿ ಹಾಲು ತಾನಾಗಿಯೇ ಮೊಸರಾಗುತ್ತಿದೆ!"

ಇಂಥ ಸಾಧನೆಗೆ ಬಿರುದು ಕೊಡದಿದ್ದರೆ ಹೇಗೆ? ದೊರೆಗೆ 'ಕ್ಷೀರಪರಿವರ್ತನ ಚಕ್ರವರ್ತಿ' ಎಂದು ಕಿರೀಟವಿಟ್ಟು, ಅವನ ಕೈಗೆ ಕ್ಷೀರಾಭಿಷೇಕ ಮಾಡುವುದೆಂದು ನಿಶ್ಚಯವಾಯಿತು. ಅದಕ್ಕೆ ಮಾತ್ರ ಕೆಡದ ಹಾಲು ಬೇಕಿತ್ತು. ಅಭಿಷೇಕದ ದಿನ ನಸುಕಿನಲ್ಲೇ, ಗುಂಡೂ ಇಲ್ಲದೆ ಸದ್ದೂ ಇಲ್ಲದೆ, ಕೋಟೆಬಾಗಿಲು ತೆರೆಯಿತು. ಊರಿನ ಅಷ್ಟೂ ಹಾಲನ್ನು ಮಹಾಹಸ್ತದ ಮೇಲೆ ಸುರಿದರು. ಮಕ್ಕಳು ಕರಿಚಹಾ ಕುಡಿದು ಜೈಕಾರ ಹಾಕಿದವು.

ಮರುದಿನದಿಂದ ಬಾಗಿಲು ಮತ್ತೆ ಮಧ್ಯಾಹ್ನಕ್ಕೆ.